ರಾಯದುರ್ಗದ ವಿದೇಶ ವ್ಯಾಪಾರ

ಹೋದ ತಿಂಗಳು ಕಾಲೇಜಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಎದ್ದು ನಿಂತವರೆಲ್ಲ ನಮ್ಮ ಮೇಷ್ಟ್ರನ್ನು ಸರಳರು, ಸಜ್ಜನರು, ಮಿತಭಾಷಿಗಳು ಎಂದರು. ರೇಷನ್ ಅಂಗಡಿಯಲ್ಲಿ ಎಲ್ಲ ಕಾರ್ಡಿಗೂ ಒಂದೇ ಅಳತೆಯ ಅಕ್ಕಿ ಕೊಡುವಂತೆ, ತೀರಿಕೊಂಡವರಿಗೆಲ್ಲ ಈ ಮೂರು ಮಾತುಗಳನ್ನು ಅಳೆದು ಹಾಕುವುದು ನಮ್ಮಲ್ಲಿ ವಾಡಿಕೆ. ಸರಳ ಎಂದಾಗ ನಾನು ಸುಮ್ಮನಿದ್ದೆ. ಸಜ್ಜನ ಎಂದಾಗ ತಲೆಯಾಡಿಸಿದೆ. ಮಿತಭಾಷಿ ಎಂದಾಗ ಮಾತ್ರ ಕೆಮ್ಮು ಬಂತು, ತಡೆದುಕೊಳ್ಳಲಾಗದೆ ಹೊರಗೆ ಹೋಗಿ ನೀರು ಕುಡಿದೆ.

ಅವರು ಅದೇ ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಹೇಳುತ್ತಿದ್ದರು, ನಾನು ಇತಿಹಾಸ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಹೆಸರು ಬರೆಯುವುದಿಲ್ಲ. ಇಡೀ ರಾಯದುರ್ಗ ಅವರನ್ನು ಮೇಷ್ಟ್ರು ಎನ್ನುತ್ತಿತ್ತು, ನನಗೂ ಅಷ್ಟು ಸಾಕು. ಮಡಕಶಿರದವರು. ಇಲ್ಲಿ ಇಷ್ಟು ವರ್ಷ ಇದ್ದರೂ ಮಾತು ಮಾತ್ರ ಆ ಕಡೆಯದೇ. ನಾವು ‘ಐತಿ’ ಎಂದರೆ ಅವರು ‘ಐತೆ’ ಎನ್ನುವರು. ಜಿಲ್ಲೆ ಒಡೆದು ಮಡಕಶಿರ ಬೇರೆ ಜಿಲ್ಲೆಗೆ ಸೇರಿದ ದಿನ ಸ್ಟಾಫ್ ರೂಮಿನವರೆಲ್ಲ ಸಂಕಟಪಟ್ಟರೆ, ಅವರು ಮಾತ್ರ ಕಣ್ಣರಳಿಸಿದರು.

“ಇವತ್ತಿಂದ ನಮ್ಮನೆ ಹುಣಿಸೆಹಣ್ಣು ಇಲ್ಲಿಗೆ ಆಮದು ಕಣ್ರೀ!”

ಅಲ್ಲಿಂದಾಚೆಗೆ ಅವರ ಊರಿನ ಹುಣಿಸೆಹಣ್ಣಿನ ಬುಟ್ಟಿ ಬಸ್ಸಿನ ಮೇಲಿಂದ ಇಳಿಯುವಾಗ, ಒಂದು ರಾಷ್ಟ್ರದ ರಾಯಭಾರಿಯನ್ನು ಬರಮಾಡಿಕೊಳ್ಳುವ ಗಾಂಭೀರ್ಯದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಅದರಲ್ಲಿ ನನ್ನ ಪಾಲು ನನಗೆ ಬರುತ್ತಿದ್ದುದರಿಂದ ನಾನು ಈ ವಿದೇಶಾಂಗ ನೀತಿಯನ್ನು ಎಂದೂ ಟೀಕಿಸಲಿಲ್ಲ.

ಜಗತ್ತಿನಲ್ಲಿ ಯಾವ ವಸ್ತು ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು ಎಂಬುದು ಅವರಿಗೆ ಕ್ರಿಕೆಟ್ ಇದ್ದಂತೆ. ಉಳಿದವರು ಯಾರು ಗೆದ್ದರು ಎಂದು ಕೇಳಿದರೆ ಅವರು ಈರುಳ್ಳಿ ಹೋಯಿತೇ ಎಂದು ಕೇಳುವರು. ಅದರಲ್ಲೂ ಅವರು ಮನಸ್ಸು ಕೊಟ್ಟದ್ದು ಒಂದು ಪುಟ್ಟ ದೇಶಕ್ಕೆ, ಮಾಲ್ಡೀವ್ಸ್‌ಗೆ. ಸಮುದ್ರದ ನಡುವೆ ಚೆಲ್ಲಿಹೋದ ಮಂಡಕ್ಕಿಯಂತೆ ಬಿದ್ದಿರುವ ಆ ದ್ವೀಪಗಳ ನೆಲವನ್ನೆಲ್ಲ ಗುಡಿಸಿ ತಂದರೆ ನಮ್ಮ ಅಸೆಂಬ್ಲಿ ಕ್ಷೇತ್ರದ ಒಂದು ಮೂಲೆಯಲ್ಲಿ ಹಿಡಿಸುತ್ತದೆ ಎಂದು ಅವರು ಹೇಳುವಾಗ, ಕ್ಷೇತ್ರದ ಶಾಸಕರಿಗೂ ಇಲ್ಲದ ಹೆಮ್ಮೆ ಅವರ ಮುಖದಲ್ಲಿ ಕಾಣುತ್ತಿತ್ತು. ಆ ದೇಶ ಮಾರುವುದು ಮೀನು. ಕೊಳ್ಳುವುದು ಮಿಕ್ಕೆಲ್ಲವನ್ನೂ. ಅಕ್ಕಿ, ಹಿಟ್ಟು, ಸಕ್ಕರೆ, ಬೇಳೆ, ಎಣ್ಣೆ, ಸಿಮೆಂಟು, ಔಷಧಿ, ಪೆನ್ನು, ಪೊರಕೆ. “ಬೇರೆ ದೇಶಗಳಲ್ಲಿ ವ್ಯಾಪಾರ ಹೊದಿಕೆ ಹೊದ್ಕಂಡು ಇರ್ತೈತೆ. ಅಲ್ಲಿ ನೋಡ್ರಿ, ಗಾಜಿನ ಗಡಿಯಾರ ಇದ್ದಂಗೆ. ಒಳಗಿನ ಚಕ್ರ ತಿರುಗೋದೆಲ್ಲ ಕಾಣ್ತೈತೆ!” ಎನ್ನುವರು.

ಅವರ ತರಗತಿ ನನ್ನ ತರಗತಿಯ ಪಕ್ಕದ ಕೋಣೆ. ನನ್ನ ಸಾಮ್ರಾಜ್ಯಗಳು ಅವರ ಹಡಗುಗಳ ಸದ್ದಿನಲ್ಲೇ ಪತನವಾಗುತ್ತಿದ್ದವು. ಒಂದು ದಿನದ ಸಂವಾದ ಗೋಡೆ ದಾಟಿ ಬಂದದ್ದು ಇನ್ನೂ ನೆನಪಿದೆ. ಕೇಳಿದವನು ಡಿ. ಹಿರೇಹಾಳ್ ಕಡೆಯ ತಿಪ್ಪೇಸ್ವಾಮಿ, ಕೊನೆಯ ಬೆಂಚಿನ ಹುಡುಗ.

“ಸಾರ್, ಮೀನ ಬಿಟ್ರ ಅವರತ್ರ ಏನೂ ಇಲ್ಲ ಅಂತೀರಿ. ಮತ್ತ ಇಷ್ಟೆಲ್ಲ ಹೆಂಗ ಕೊಂಡ್ಕಂತಾರ್ರಿ?”

“ಹಾಂ! ಕೇಳ್ದ ನೋಡು ಪ್ರಶ್ನೆ! ಪ್ರವಾಸಿ ಬತ್ತಾನೆ ಕಣಯ್ಯ. ದಂಡೇಲಿ ಮಲಗಿ ಬಿಸ್ಲು ಕಾಯಿಸ್ಕಂತಾನೆ. ಡಾಲರ್ ಕೊಟ್ಟು ಹೋಯ್ತಾನೆ. ಅದೇ ಅವರ ದೊಡ್ಡ ರಫ್ತು.”

“ಬಂದೋನು ರಫ್ತು ಹೆಂಗ ಆಗ್ತಾನ್ರಿ? ಬಂದೋನು ಆಮದು ಅಲ್ಲೇನ್ರಿ?”

“ಬಂದೋನೇ ರಫ್ತು! ಅವ್ನು ಕೊಳ್ಳೋದು ಬಿಸ್ಲು. ಬಿಸ್ಲನ್ನ ಮೂಟೆ ಕಟ್ಟಿ ಅವನ ಮನೇಗೆ ಕಳ್ಸಕ್ಕಾಗ್ತೈತಾ? ಅದಕ್ಕೆ ಅವನೇ ಬಂದು ತಗಂಡೋಯ್ತಾನೆ.”

ಮತ್ತೆ ತಿಪ್ಪೇಸ್ವಾಮಿಯ ದನಿ:

“ಬಿಸ್ಲಿಗೆ ಡಾಲರ್ ಕೊಡ್ತಾರಂದ್ರ ನಮ್ಮೂರಿಗೆ ಯಾಕ ಒಬ್ಬನೂ ಬರಂಗಿಲ್ರಿ ಸಾರ್?”

ಎರಡೂ ಕೋಣೆಗಳು ನಕ್ಕವು. ಮೇಷ್ಟ್ರು ಅದು ಮುಂದಿನ ಅಧ್ಯಾಯದಲ್ಲಿದೆ ಎಂದು ಹೇಳಿ ಪಾರಾದರು. ಪಠ್ಯಪುಸ್ತಕದಲ್ಲಿ ಮುಂದಿನ ಅಧ್ಯಾಯವೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಬಿಸಿಲಿನ ವಿಷಯದಲ್ಲಿ ಸೋತವರು ಮರಳಿನ ವಿಷಯದಲ್ಲಿ ಸೇಡು ತೀರಿಸಿಕೊಂಡರು. ಆ ದ್ವೀಪಗಳಲ್ಲಿ ಮನೆ ಕಟ್ಟುವುದಕ್ಕೆ ನದಿ ಮರಳು ಕೂಡ ಹಡಗಿನಲ್ಲಿ ಬರಬೇಕು, ಅದೂ ನಮ್ಮ ದೇಶದಿಂದ. ಇದು ಗೊತ್ತಾದ ಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಹುಡುಗರನ್ನೆಲ್ಲ ಬಸ್ಸು ಹತ್ತಿಸಿ ಕಣೇಕಲ್ಲಿನ ಆಚೆಗೆ, ಹಗರಿ ಹೊಳೆಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ದಿಬ್ಬವಾಗಿ ಕೂತಿರುವ ಕಡೆ ಕರೆದುಕೊಂಡು ಹೋದರು. ಶಿಸ್ತು ಕಾಯುವ ಹೆಸರಿನಲ್ಲಿ ನನ್ನನ್ನೂ ಎಳೆದರು. ಒಂದು ದಿಬ್ಬದ ನೆತ್ತಿಗೆ ಹತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು, ಭಾಷಣ ಶುರುಮಾಡಿದರು: ಇಲ್ಲಿ ನಾವು ಬೈಯುವ ಈ ಮರಳನ್ನು ಹಾರ ಹಾಕಿ ಬರಮಾಡಿಕೊಳ್ಳುವ ದೇಶವೊಂದು ಭೂಮಿಯ ಮೇಲಿದೆ! ವಸ್ತುವಿಗೆ ತನ್ನ ಬೆಲೆ ತಾನಿರುವ ಜಾಗದಲ್ಲಿ ಗೊತ್ತಾಗುವುದಿಲ್ಲ, ಅದು ಪ್ರಯಾಣ ಮಾಡಬೇಕು!

ಕುರಿ ಅಟ್ಟಿಕೊಂಡು ಹೊರಟಿದ್ದ, ಆ ಹೊಲದ ಯಜಮಾನ ನಿಂತು ಎಲ್ಲವನ್ನೂ ಕೇಳಿದ.

“ಸಾರ್, ಆ ದೇಶದವ್ರು ಬರ್ತಾರೇನ್ರಿ?”

“ಬರಲ್ಲ. ನಾವು ಕಳಿಸ್ಬೇಕು.”

“ಹಂಗಾರ ತಗಂಡು ಹೋಗ್ರಿ. ನಾಳೆ ಅನ್ನಬ್ಯಾಡ್ರಿ. ತುಂಬಾಕ ನಮ್ಮ ಮನ್ಯಾಗಿನ ಮಂದೀನ ಕಳಿಸ್ತೀನಿ, ಊಟ ಹಾಕ್ತೀನಿ. ಬೇಕಂದ್ರ ಹಾರ ನಾನೇ ತರ್ತೀನಿ.”

ವಿದೇಶ ವ್ಯಾಪಾರದಲ್ಲಿ ಸಾಗಣೆಯ ಸಮಸ್ಯೆ ಎಂಬ ಪಾಠವನ್ನು ಮೇಷ್ಟ್ರು ಅಲ್ಲೇ, ಆ ಬಿಸಿಲಲ್ಲೇ ಮುಗಿಸಿದರು.

ತಿಪ್ಪೇಸ್ವಾಮಿ ತನ್ನ ಪ್ರಶ್ನೆಗೆ ತಾನೇ ಉತ್ತರ ಹುಡುಕಲು ಹೋದನೋ ಏನೋ, ಹೋಟೆಲ್ ಕೆಲಸ ಕಲಿತು, ನಾಲ್ಕಾರು ಊರು ಸುತ್ತಿ, ಕೊನೆಗೆ ಅದೇ ಮಾಲ್ಡೀವ್ಸ್‌ನ ಒಂದು ದ್ವೀಪದ ಹೋಟೆಲಿನಲ್ಲಿ ಉಗ್ರಾಣ ನೋಡಿಕೊಳ್ಳುವವನಾದ. ಈ ಸುದ್ದಿ ತಿಳಿದಾಗ ಮೇಷ್ಟ್ರು ತೋರಿಸಿದ ಸಂತೋಷವನ್ನು ಬೇರೆ ಮೇಷ್ಟ್ರುಗಳು ಶಿಷ್ಯ ಕಲೆಕ್ಟರ್ ಆದಾಗಲೂ ತೋರಿಸುವುದಿಲ್ಲ. ಭಾನುವಾರ ಭಾನುವಾರ ಅವನಿಗೆ ಫೋನು. ಆರೋಗ್ಯವೇ, ಊಟ ಸೇರುತ್ತದೆಯೇ ಎಂದು ಒಂದು ಸಲವೂ ಕೇಳಿದ್ದನ್ನು ನಾನು ಕಾಣೆ. “ಈ ವಾರ ದೋಣೀಲಿ ಏನೇನ್ ಬಂತಪ್ಪ?” ಅವನು ಅಲ್ಲಿಂದ ಹೇಳುವನು: ನಾಮಕ್ಕಲ್ ಮೊಟ್ಟೆ, ನಾಸಿಕದ ಈರುಳ್ಳಿ, ಆಲೂಗಡ್ಡೆ. ಸೋಮವಾರ ಬೆಳಿಗ್ಗೆ ಆ ಸಮಾಚಾರ ಸ್ಟಾಫ್ ರೂಮಿನಲ್ಲಿ ಬಿತ್ತರವಾಗುವುದು. ಕೇಳುವವನು ಮುಖ್ಯವಾಗಿ ನಾನು, ಯಾಕೆಂದರೆ ಮಿಕ್ಕವರು ಸೋಮವಾರ ತಡವಾಗಿ ಬರುವುದನ್ನು ಕಲಿತಿದ್ದರು.

ಆಮೇಲೆ ಒಂದು ಕೆಟ್ಟ ಕಾಲ ಬಂತು. ನಮ್ಮ ದೇಶಕ್ಕೂ ಆ ದೇಶಕ್ಕೂ ಮುನಿಸಾಯಿತು. ಅಲ್ಲಿಗೆ ಹೋಗಬಾರದೆಂದು ಇಲ್ಲಿಯವರು ಫೋನಿನಲ್ಲೇ ಶಪಥ ಮಾಡಿದರು. ಎಂದೂ ಹೋಗುವ ಸಂಭವವಿಲ್ಲದ ನಮ್ಮ ಗುಮಾಸ್ತರೂ ಶಪಥ ಮಾಡಿದರು. ನಮ್ಮ ಪ್ರವಾಸಿಗಳು ಕಡಿಮೆಯಾಗಿ ಚೀನದ ಪ್ರವಾಸಿಗಳು ಹೆಚ್ಚಿದರು. ಇಲ್ಲಿಂದ ಸಾಮಾನು ಹೋಗುವುದೂ ನಿಲ್ಲಬಹುದೆಂದು ಸುದ್ದಿ ಹಬ್ಬಿತು. ಮೇಷ್ಟ್ರು ಊಟ ಬಿಟ್ಟರೆಂದರೆ ಅತಿಶಯೋಕ್ತಿಯಾಗುತ್ತದೆ, ಎರಡನೆಯ ಮುದ್ದೆ ಬಿಟ್ಟರು. “ಇಬ್ರು ಯಜಮಾನ್ರು ಜಗಳ ಆಡ್ಲಿ ಸ್ವಾಮಿ, ಬ್ಯಾಡ ಅನ್ನಲ್ಲ. ಮೊಟ್ಟೆ ಏನ್ ತಪ್ಪು ಮಾಡೈತೆ?” ಎಂದು ನನ್ನನ್ನು ಕೇಳುವರು. ನಾನು ಇತಿಹಾಸದವನು, ಮೊಟ್ಟೆಯ ಪರವಾಗಿಯೂ ವಿರುದ್ಧವಾಗಿಯೂ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಒಂದು ದಿನ ಮೂರನೆಯ ಪೀರಿಯಡ್ ನಡೆಯುತ್ತಿರುವಾಗ ನನ್ನ ಕ್ಲಾಸಿಗೆ ನುಗ್ಗಿದರು. ಕೈಯಲ್ಲಿ ಬೂಂದಿ ಲಾಡಿನ ಪೊಟ್ಟಣ.

“ಬಿಟ್ರು ಕಣ್ರೀ, ಬಿಟ್ರು! ಮೊಟ್ಟೆ, ಈರುಳ್ಳಿ, ಅಕ್ಕಿ, ಸಕ್ಕರೆ, ಮರಳು, ಜಲ್ಲಿ, ಎಲ್ಲಾನೂ ಕಳ್ಸಕ್ಕೆ ಸರ್ಕಾರ ಒಪ್ಗೆ ಕೊಡ್ತು! ಜಗಳ ಜಗಳದ ಪಾಡಿಗೆ, ಮೊಟ್ಟೆ ಮೊಟ್ಟೆ ಪಾಡಿಗೆ!”

ಹುಡುಗರು ಯಾವುದೋ ಯುದ್ಧ ಗೆದ್ದಿದ್ದೇವೆಂದು ತಿಳಿದು ಚಪ್ಪಾಳೆ ಹೊಡೆದರು. ಲಾಡು ಚೆನ್ನಾಗಿತ್ತು.

ಇಷ್ಟಾದರೂ ಅವರಿಗೊಂದು ಕೊರಗಿತ್ತು. ಜೀವನವೆಲ್ಲ ರಫ್ತಿನ ಪಾಠ ಹೇಳಿದವರು, ತಮ್ಮ ಕಣ್ಣೆದುರು ಒಂದು ವಸ್ತು ಈ ಊರಿನಿಂದ ಹೊರಟು ಸಮುದ್ರ ದಾಟಿದ್ದನ್ನು ಕಂಡಿರಲಿಲ್ಲ. ನಿವೃತ್ತಿ ಹತ್ತಿರ ಬಂದಿತ್ತು. “ಈಜು ಗೊತ್ತಿಲ್ದೆ ಈಜು ಕಲಿಸ್ದಂಗಾಯ್ತು ನನ್ ಪಾಡು,” ಎಂದು ಒಮ್ಮೆ ತಣ್ಣಗೆ ಹೇಳಿದ್ದರು. ಅವರು ತಣ್ಣಗೆ ಮಾತಾಡಿದ್ದು ಅಪರೂಪವಾದ್ದರಿಂದ ನನಗೆ ಮರೆತಿಲ್ಲ.

ಕಾಲೇಜಿನಿಂದ ಮನೆಗೆ ಬರುವ ದಾರಿಯಲ್ಲಿ, ನಮ್ಮ ಬೀದಿಯ ತುದಿಗೆ, ಲಕ್ಷ್ಮೀದೇವಮ್ಮನ ಜೀನ್ಸ್ ಯೂನಿಟ್ ಇದೆ. ಆಕೆ ಬೇರೆಯವರ ಯೂನಿಟ್ಟಿನಲ್ಲಿ ಜೇಬು ಹೊಲಿಯುವುದರಿಂದ ಶುರುಮಾಡಿ, ಒಂದೊಂದೇ ಮಷೀನು ಸೇರಿಸಿಕೊಂಡು, ಒಂದು ದೊಡ್ಡ ಹಾಲ್ ತುಂಬ ಹೆಂಗಸರನ್ನು ಕೂರಿಸಿದ ಗಟ್ಟಿಗಿತ್ತಿ. ಆ ಯೂನಿಟ್ಟಿನ ಹಿರಿಯಳು ಗುಮ್ಮಘಟ್ಟದ ಗಂಗಮ್ಮ. ಹೊಲಿದದ್ದರ ಮೇಲೆ ಮಿಕ್ಕ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ, ಕತ್ತರಿಸುತ್ತ ಕತ್ತರಿಸುತ್ತ ಎಲ್ಲರನ್ನೂ ಬೈಯುವುದು ಅವಳ ಹಕ್ಕು. ನಾಲ್ಕಾರು ತಿಂಗಳಿಂದ ಅಲ್ಲಿ ಆರ್ಡರ್ ಇಳಿದಿತ್ತು. ಅರ್ಧಕ್ಕರ್ಧ ಮಷೀನುಗಳು ಬಟ್ಟೆ ಹೊದ್ದು ಮಲಗಿದ್ದವು. ಬಳ್ಳಾರಿಯ ಸಾಹುಕಾರನೊಬ್ಬ ಬಂದು ಅವನ್ನು ಮುಟ್ಟಿ, ತಿರುಗಿಸಿ ನೋಡಿ, ಎಲ್ಲವನ್ನೂ ಒಟ್ಟಿಗೆ ಕೊಂಡುಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದ. ಮಷೀನು ಹೋದರೆ ಹೆಂಗಸರೂ ಅವುಗಳ ಹಿಂದೆಯೇ ಹೋಗಬೇಕು, ದಿನಾ ಬೆಳಗಿನ ಬಸ್ಸಿಗೆ ಬಳ್ಳಾರಿಗೆ, ಸಂಜೆಯ ಬಸ್ಸಿಗೆ ವಾಪಸ್ಸು. ಲಕ್ಷ್ಮೀದೇವಮ್ಮ ತಾನು ಕಟ್ಟಿದ್ದನ್ನು ತಾನೇ ಬಿಚ್ಚಿ ಕೊಡಬೇಕು. ಅವಳು ಸಾಹುಕಾರನಿಗೆ ಹೇಳಿದ್ದು ಇಷ್ಟೇ: “ಆಯುಧ ಪೂಜಿ ಆಗ್ಲಿರಿ. ಪೂಜಿ ಮಾಡ್ದೆ ಮಷೀನ ಹೊರಗ ಹಾಕಂಗಿಲ್ಲ. ಮರುದಿನ ಬಂದು ಒಯ್ರಿ.”

ಈ ಸುದ್ದಿ ಕೇಳಿದ ವಾರವೇ ಮೇಷ್ಟ್ರ ಭಾನುವಾರದ ಫೋನಿನಲ್ಲಿ ತಿಪ್ಪೇಸ್ವಾಮಿ ಒಂದು ಮಾತು ಹೇಳಿದ: ಹೋಟೆಲಿನ ಅಡುಗೆಯವರಿಗೆ, ಬಡಿಸುವವರಿಗೆ ಹೊಸ ಏಪ್ರನ್ ಬೇಕು, ಜೀನ್ಸ್ ಬಟ್ಟೆಯದು, ಈಗ ಅದೇ ಅಲ್ಲಿ ಫ್ಯಾಷನ್ನು. ಕೊಡುತ್ತಿದ್ದವರು ಕೈಕೊಟ್ಟಿದ್ದಾರೆ. ಪ್ರವಾಸಿಗಳ ಕಾಲ ಹತ್ತಿರ ಬಂದಿದೆ.

ಮೇಷ್ಟ್ರು ಫೋನು ಇಡಲೂ ಇಲ್ಲ, ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಿದ್ದರು. ಬನಿಯನ್ನಿನ ಮೇಲಿದ್ದರು. ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ.

“ಯಾಕ್ರಿ ಮೇಷ್ಟ್ರೆ, ಬೆಂಕಿ ಬಿತ್ತೇನ್ರಿ?”

“ಬೇಡಿಕೆ ಕಣ್ರೀ, ಬೇಡಿಕೆ! ಬೇಡಿಕೆ ಬಂದೈತೆ!”

ಲಕ್ಷ್ಮೀದೇವಮ್ಮ ಮೊದಲು ನಂಬಲಿಲ್ಲ. ಏಪ್ರನ್ ಎಂದರೆ ಏನೆಂದು ಗಂಗಮ್ಮ ಕೇಳಿದಳು. ಮೇಷ್ಟ್ರು ಮೈಮೇಲೆ ಬಟ್ಟೆಯ ತುಂಡೊಂದನ್ನು ಕಟ್ಟಿಕೊಂಡು, ಸೌಟು ಹಿಡಿದಂತೆ ಅಭಿನಯಿಸಿ ತೋರಿಸಿದರು.

“ಅಡಿಗಿ ಮಾಡಾಕ ಇಷ್ಟು ದಪ್ಪ ಬಟ್ಟಿ ಯಾಕ್ರಿ ಸಾರು? ಅಲ್ಲಿ ಒಗ್ಗರಣಿ ಅಷ್ಟು ಸಿಡಿತೈತೇನ್ರಿ?”

“ಗಂಗಮ್ಮ, ಕೊಳ್ಳೋರನ್ನ ಯಾಕೆ ಅಂತ ಕೇಳ್ಬಾರ್ದು. ಎಷ್ಟು ಅಂತ ಮಾತ್ರ ಕೇಳ್ಬೇಕು. ಇದೇ ನನ್ ಇಡೀ ಪಾಠ, ನಿನಗೆ ಒಂದೇ ಮಾತಲ್ಲಿ ಹೇಳ್ಬಿಟ್ಟೆ.”

ಮಾದರಿ ಹೋಯಿತು, ಒಪ್ಪಿಗೆಯಾಯಿತು. ಮಲಗಿದ್ದ ಮಷೀನುಗಳ ಹೊದಿಕೆ ತೆಗೆದರು. ಆ ಹೋಟೆಲಿಗೆ ಈರುಳ್ಳಿ, ಮೊಟ್ಟೆ ಕಳಿಸುವ ತೂತುಕುಡಿಯ ರವಾನೆದಾರರು ನಮ್ಮ ಮೂಟೆಗಳನ್ನೂ ಅದೇ ಹಡಗಿಗೆ ಹಾಕಲು ಒಪ್ಪಿದರು. ಈರುಳ್ಳಿಯ ಪಕ್ಕದ ಸೀಟು ಸಿಕ್ಕಿದ್ದನ್ನು ಮೇಷ್ಟ್ರು ನನಗೆ ಹೇಳಿದ ರೀತಿ, ಮಗಳಿಗೆ ಒಳ್ಳೆಯ ಮನೆತನ ಗೊತ್ತಾದದ್ದನ್ನು ಹೇಳುವಂತಿತ್ತು.

ಮೂಟೆ ಕಟ್ಟುವ ದಿನ ಒಂದು ತಕರಾರಾಯಿತು. ನಮ್ಮಲ್ಲಿ ಹೊಸ ಮಾಲು ಯಾವುದೇ ಬಾಗಿಲು ದಾಟಬೇಕಾದರೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣಿಗೆ ಮೆಣಸಿನಕಾಯಿ ಪೋಣಿಸಿ ಮೂಟೆಗೆ ಕಟ್ಟುವುದು ರೂಢಿ. ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

“ಒಂದು ಚುಕ್ಕೆ ಕುಂಕುಮ ಬಿದ್ರೆ ಮಾಲು ವಾಪಸ್! ಕಾಯಿ ಒಡೆಯೋದಾದ್ರೆ ಬೀದೀಲಿ ಒಡೀರಿ. ಇದು ಅಂತರರಾಷ್ಟ್ರೀಯ ವ್ಯಾಪಾರ!”

ಕಾಯಿ ಬೀದಿಯಲ್ಲಿ ಒಡೆಯಿತು. ಮೂಟೆಗಳಿಗೆ ಪ್ಲಾಸ್ಟಿಕ್ ಸುತ್ತಿದರು. ಗಂಗಮ್ಮ ಯಾಕೋ ಬಾಯಿ ಮುಚ್ಚಿಕೊಂಡು ದಾರ ಕತ್ತರಿಸುತ್ತಿದ್ದಳು. ಅವಳು ಸುಮ್ಮನಿದ್ದಾಗ ಏನೋ ನಡೆದಿದೆ ಎಂದು ನಮಗಾದರೂ ಹೊಳೆಯಬೇಕಿತ್ತು.

ಟೆಂಪೋ ಹೊರಟಾಗ ಮೇಷ್ಟ್ರು ಬೀದಿಯ ತುದಿಯವರೆಗೆ ಓಡಿದರು. ಬಂದವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಹೋಯ್ತು!” ಎಂದರು. ಬೇರೇನೂ ಹೇಳಲಿಲ್ಲ. ಸಂತಾಪ ಸಭೆಯಲ್ಲಿ ಮಿತಭಾಷಿ ಎಂದವರು ಆ ಕ್ಷಣವನ್ನೇನಾದರೂ ಕಂಡಿದ್ದರೆ ಅವರನ್ನು ಕ್ಷಮಿಸಬಹುದು.

ಹಡಗು ದ್ವೀಪ ಮುಟ್ಟಿತು. ಆ ಸಂಜೆ ನಾವೆಲ್ಲ ಯೂನಿಟ್ಟಿನಲ್ಲೇ ಇದ್ದೆವು, ಚಹಾ ಬಂದಿತ್ತು. ತಿಪ್ಪೇಸ್ವಾಮಿಯ ಫೋನು ಬಂತು. ಮೇಷ್ಟ್ರು ಎಲ್ಲರಿಗೂ ಕೇಳಲೆಂದು ದನಿ ದೊಡ್ಡದು ಮಾಡಿದರು.

“ಸಾರ್, ಕಸ್ಟಮ್ಸ್‌ನವ್ರು ಮಾಲು ಹಿಡಿದಾರ್ರಿ. ಬಿಡವಲ್ರು.”

“ಯಾಕಪ್ಪ? ಕಾಗದ ಸರಿ ಇಲ್ವಾ?”

“ಕಾಗದ ಎಲ್ಲ ಸರಿ ಅದಾವ್ರಿ. ಕಾಗದದಾಗ ಇಲ್ಲದ್ದು ಮೂಟ್ಯಾಗ ಐತಂತ್ರಿ. ತರಕಾರಿ.”

“ತರಕಾರೀನಾ?”

“ಒಂದು ಲಿಂಬಿಹಣ್ಣು. ಮ್ಯಾಲ ಕೆಳಗ ಹಸಿಮೆಣಸಿನಕಾಯಿ. ಹೊರಗಿನ ಹಣ್ಣು ಕಾಯಿ ಹಂಗ ತರಂಗಿಲ್ರಿ ಇಲ್ಲಿ, ಹುಳ ಬರತಾವ ಅಂತ. ಎಲ್ಲಾ ಮೂಟಿ ಒಂದು ಕೋಣ್ಯಾಗ ಹಾಕಿ ಬೀಗ ಜಡಿದಾರ. ನಮ್ಮ ಮ್ಯಾನೇಜರು ನಾಳೆ ಒಂದಿನ ನೋಡ್ತೀನಿ, ಆಮ್ಯಾಲ ಬ್ಯಾರೆ ಕಡೆ ತರಿಸ್ತೀನಿ ಅಂತಾನ್ರಿ.”

ಹಾಲಿನಲ್ಲಿ ಒಂದು ಮಷೀನೂ ತಿರುಗಲಿಲ್ಲ. ಲಕ್ಷ್ಮೀದೇವಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ದಸರಾ ಬಹಳ ದೂರವಿರಲಿಲ್ಲ. ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

“ನಾನ ಇಟ್ಟೀನ್ರಿ,” ಎಂದಳು ಗಂಗಮ್ಮ, ಕತ್ತರಿ ಕೆಳಗಿಟ್ಟು. “ಬಟ್ಟಿ ಮಡಿಕಿ ಒಳಗ ಇಟ್ಟಿದ್ದೆ, ಕುಂಕುಮ ಹಚ್ಚಿಲ್ಲ. ಮೊದಲ್ನೇ ಸಲ ಸಮುದ್ರ ದಾಟತೈತಿ. ಇಷ್ಟು ಮಂದಿ ಹೊಟ್ಟಿಪಾಡು ಅದರಾಗ ಐತಿ. ಯಾರ ಕಣ್ಣರ ಬಿದ್ರ? ಹಂಗ ಬರೇ ಕಳಿಸಾಕ ನನ್ನ ಕೈಲಿ ಆಗಲಿಲ್ರಿ.”

“ಏನ್ ಕೆಲ್ಸ ಮಾಡ್ದೆ ಗಂಗಮ್ಮ!” ಎಂದರು ಮೇಷ್ಟ್ರು. ಸಿಟ್ಟಿಗಿಂತ ಅದರಲ್ಲಿ ನೋವೇ ಹೆಚ್ಚಿತ್ತು. ಸ್ವಲ್ಪ ಹೊತ್ತು ಹಾಲಿನ ಉದ್ದಕ್ಕೂ ನಡೆದಾಡಿದರು. ಆಮೇಲೆ ತಟ್ಟನೆ ತಿರುಗಿ ಫೋನಿಗೆ ಹೇಳಿದರು: “ತಿಪ್ಪೇಸ್ವಾಮಿ, ಮಾಲು ಹಿಡಿದಿರೋ ಅಧಿಕಾರಿ ನಿಂಗೆ ಗೊತ್ತಾ? ನಾಳೆ ಬೆಳಿಗ್ಗೆ ಅವರ ಮುಂದೆ ನಿಂತ್ಕಂಡು ವಿಡಿಯೋ ಹಾಕು. ಒಂದೇ ಒಂದು ಮಾತಾಡ್ತೀನಿ.”

ಮರುದಿನ ಬೆಳಿಗ್ಗೆ ಯೂನಿಟ್ಟಿನ ಕತ್ತರಿಸುವ ಮೇಜಿನ ಮೇಲೆ, ನೂಲಿನ ಉಂಡೆಗಳಿಗೆ ಒರಗಿಸಿ ಫೋನು ನಿಲ್ಲಿಸಿದರು. ಮೇಷ್ಟ್ರು ಕೋಟು ಹಾಕಿಕೊಂಡು ಬಂದಿದ್ದರು. ಅದು ಅವರ ಮದುವೆಯದು, ಗುಂಡಿ ಹಾಕುವ ಪ್ರಯತ್ನವನ್ನು ಕೈಬಿಟ್ಟಿದ್ದರು. ಪರದೆಯ ಮೇಲೆ ನಡುವಯಸ್ಸಿನ, ಕನ್ನಡಕದ ಒಬ್ಬ ಅಧಿಕಾರಿ. ಅವರ ಮುಂದೆ ಒಂದು ಬಿಳಿ ತಟ್ಟೆ. ತಟ್ಟೆಯ ಮೇಲೆ ನಮ್ಮ ನಿಂಬೆಹಣ್ಣು, ಒಣಗಿ ಸುಕ್ಕಾಗಿ, ಆದರೂ ಗಂಭೀರವಾಗಿ ಕೂತಿತ್ತು.

ಅಧಿಕಾರಿ ಇಂಗ್ಲಿಷಿನಲ್ಲಿ ಸೌಜನ್ಯದಿಂದಲೇ ಕೇಳಿದರು: ಇದು ಏನು? ಆಹಾರವೋ? ಮಾದರಿಯೋ? ಅಲಂಕಾರವೋ? ನಾನು ಇದನ್ನು ಯಾವ ತಲೆಬರಹದ ಕೆಳಗೆ ಬರೆಯಲಿ?

ತಲೆಬರಹ ಎಂದದ್ದೇ ತಡ, ಮೇಷ್ಟ್ರ ಮುಖದಲ್ಲಿ ನಾನು ಅದುವರೆಗೆ ಕಾಣದ ಬೆಳಕು ಬಂತು. ಸರಕುಗಳ ವರ್ಗೀಕರಣವನ್ನು ನಿದ್ದೆ ಹೋಗುವ ಹುಡುಗರಿಗೆ ಹೇಳಿ ಹೇಳಿ ಸವೆದ ಮನುಷ್ಯನಿಗೆ, ಕೊನೆಗೊಬ್ಬ ಆ ಪ್ರಶ್ನೆಯನ್ನು ನಿಜವಾಗಿ ಕೇಳಿದ್ದ. ಆದರೆ ಅವರು ಬಾಯಿ ತೆರೆಯುವ ಮೊದಲೇ ಗಂಗಮ್ಮ ಅವರನ್ನು ಸರಿಸಿ ಮುಂದೆ ಬಂದಳು.

“ತಿಪ್ಪೇಸಿ, ಅವ್ರಿಗೆ ಹೇಳಪ. ತಿನ್ನಾಕಲ್ಲ, ದೃಷ್ಟಿಗೆ ಅಂತ ಹೇಳು. ಹಿಂಗ,” ಎಂದವಳೇ ಸೆರಗಿನಿಂದ ಹೊಸದೊಂದು ನಿಂಬೆಹಣ್ಣು ತೆಗೆದು ಲಕ್ಷ್ಮೀದೇವಮ್ಮನ ಮುಖದ ಸುತ್ತ ಇಳಿತೆಗೆದು, ಥೂ ಥೂ ಎಂದು, ಬಾಗಿಲಾಚೆ ಎಸೆದಳು. ಹೊರಗೆ ಯಾರದೋ ಸೈಕಲ್ಲಿಗೆ ಬಡಿದ ಸದ್ದು ಕೇಳಿತು.

ಅಧಿಕಾರಿ ಕನ್ನಡಕ ತೆಗೆದರು. ತಿಪ್ಪೇಸ್ವಾಮಿ ಅವರ ಕಿವಿಯಲ್ಲಿ ಏನೋ ವಿವರಿಸುತ್ತಿದ್ದ. ಆಗ ಮೇಷ್ಟ್ರು ಕೋಟು ಎಳೆದುಕೊಂಡು, ಇಡೀ ರಾಯದುರ್ಗದ ಪರವಾಗಿ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು:

ಮಾನ್ಯರೆ, ದಯವಿಟ್ಟು ಇದನ್ನು ವಿಮೆ ಎಂದು ಬರೆದುಕೊಳ್ಳಿ. ನಮ್ಮ ಊರಿನಲ್ಲಿ ಸಮುದ್ರ ವಿಮೆ ಮಾಡಿಸುವುದು ಹೀಗೆ. ಪ್ರಯಾಣ ಮುಗಿದಿದೆ, ಮಾಲು ಸುರಕ್ಷಿತವಾಗಿ ತಮ್ಮ ಕೈ ಸೇರಿದೆ. ಆದ್ದರಿಂದ ವಿಮೆಯ ಅವಧಿಯೂ ಮುಗಿದಿದೆ. ಅದನ್ನು ಸುಟ್ಟುಹಾಕಲು ಹಕ್ಕುದಾರಳ ಸಂಪೂರ್ಣ ಒಪ್ಪಿಗೆಯಿದೆ.

ಹಕ್ಕುದಾರಳು ಹೌದೆಂದು ಜೋರಾಗಿ ತಲೆಯಾಡಿಸಿದಳು.

ಅಧಿಕಾರಿ ನಗಲಿಲ್ಲ. ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಏನೋ ಹೇಳಿದರು, ತಿಪ್ಪೇಸ್ವಾಮಿ ಅದನ್ನು ಕನ್ನಡಕ್ಕೆ ತಂದ: “ಇವರ ಅಜ್ಜಿನೂ ಇವರು ಮೊದಲ್ನೇ ಸಲ ದೋಣಿ ಹತ್ತುವಾಗ ತೋಳಿಗೆ ಏನೋ ಕಟ್ಟಿ ಕಳಿಸಿದ್ರಂತ್ರಿ. ಅದಕ್ಕ ಯಾವ ತಲೆಬರಹನೂ ಇರಲಿಲ್ಲಂತ.” ಅಷ್ಟು ಹೇಳಿಸಿ ಅಧಿಕಾರಿ ನಕ್ಕರು ನೋಡಿ, ಸಮುದ್ರದಾಚೆಯ ಆ ನಗು ನಮ್ಮ ಹಾಲಿನ ತಗಡಿನ ಮಾಡಿಗೆ ತಾಗಿತು. ಆಮೇಲೆ ಅವರು ಷರತ್ತು ಹಾಕಿದರು: ನಿಂಬೆಹಣ್ಣು ಮೆಣಸಿನಕಾಯಿಯನ್ನು ಸುಡುವುದು, ಮೂಟೆಗಳನ್ನೆಲ್ಲ ಬಿಚ್ಚಿ ಒದರಿ ನೋಡುವುದು, ಇನ್ನೊಮ್ಮೆ ಹೀಗಾದರೆ ಮಾಲು ಅಲ್ಲಿಂದಲೇ ವಾಪಸ್ಸು. ಒಪ್ಪಿಗೆಯೇ? ಒಪ್ಪಿಗೆ, ಒಪ್ಪಿಗೆ ಎಂದು ಹೆಂಗಸರೆಲ್ಲ ಯಾವ ಭಾಷೆಯಲ್ಲಿ ಸಾಧ್ಯವೋ ಆ ಭಾಷೆಯಲ್ಲಿ ಕೂಗಿದರು.

ಸಂಜೆಯ ಹೊತ್ತಿಗೆ ಒಂದು ಚಿತ್ರ ಬಂತು. ಬಿಳಿ ಟೋಪಿಯ ಅಡುಗೆಯವನೊಬ್ಬ ನಮ್ಮ ನೀಲಿ ಏಪ್ರನ್ ಕಟ್ಟಿಕೊಂಡು ಒಂದು ದೊಡ್ಡ ಮೀನಿನ ಮುಂದೆ ನಿಂತಿದ್ದಾನೆ. ಮೇಷ್ಟ್ರು ಅದನ್ನು ಬೀದಿಯ ಪ್ರತಿ ಮನೆಗೂ ಹೋಗಿ ತೋರಿಸಿದರು. ಮೀನು ತಿನ್ನದವರ ಮನೆಯಲ್ಲಿ ಮೀನಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡು ತೋರಿಸಿದರು. ಆ ಏಪ್ರನ್ ಕಂಡು ಪಕ್ಕದ ದ್ವೀಪದ ಹೋಟೆಲಿನವರೂ ಕೇಳಿದರು. ಇನ್ನೂ ದೊಡ್ಡ ಆರ್ಡರು, ಜೇಬು ಬೇರೆ ಥರದ್ದು. ಆಮೇಲೆ ಯೂನಿಟ್ಟಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಆಯುಧ ಪೂಜೆಯ ದಿನ ಮಷೀನುಗಳಿಗೆ ಹೂವೇರಿಸಿ, ಕುಂಬಳಕಾಯಿ ಒಡೆದು, ಮಂಗಳಾರತಿ ತಟ್ಟೆ ಇನ್ನೂ ಬಿಸಿಯಿರುವಾಗಲೇ ಮತ್ತೆ ಹೊಲಿಯಲು ಕೂತರು.

ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಒಂದು ಟೆಂಪೋ ನಿಂತಿತು. ಬಳ್ಳಾರಿಯ ಸಾಹುಕಾರ ಇಳಿದ. ಹಿಂದೆ ಇಬ್ಬರು ಆಳುಗಳು, ಕೈಯಲ್ಲಿ ಸ್ಪ್ಯಾನರು, ಹಗ್ಗ.

“ಏನಮ್ಮ, ಇನ್ನೂ ಮಷೀನ ಬಿಚ್ಚೇ ಇಲ್ಲ?”

ಲಕ್ಷ್ಮೀದೇವಮ್ಮ ತಲೆಯೆತ್ತಿದಳು, ನಾಲಿಗೆ ಕಚ್ಚಿಕೊಂಡಳು. “ಅಯ್ಯಯ್ಯ, ನಿಮಗ ಹೇಳಾದ ಮರತೀನ್ರಿ! ಮಷೀನ ಕೊಡಂಗಿಲ್ರಿ. ಬರ್ರಿ, ಕುಂದರ್ರಿ, ಚಾ ಕುಡೀರಿ.”

“ಕೊಡಂಗಿಲ್ಲ ಅಂದ್ರ ಹೆಂಗಮ್ಮ? ಬಳ್ಳಾರಿಯಿಂದ ಗಾಡಿ ಮಾಡ್ಕಂಡು ಬಂದೀನಿ. ಖಾಲಿ ಗಾಡಿ ಒಯ್ಲೇನು?”

ಮೂಲೆಯಲ್ಲಿ ಮೂಟೆಗಳ ಮೇಲೆ ವಿಳಾಸ ಬರೆಯುತ್ತಿದ್ದ ಮೇಷ್ಟ್ರು, ಖಾಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಮ್ಮಿ ಎದ್ದರು.

“ಖಾಲಿ ಯಾಕ್ ಹೋಗ್ಬೇಕು ಸ್ವಾಮಿ? ಖಾಲಿ ಗಾಡಿ ವಾಪಸ್ ಹೋಗೋದು ಅಂದ್ರೆ ವ್ಯಾಪಾರಕ್ಕೇ ಅವಮಾನ! ನಿಮ್ಮ ಬಳ್ಳಾರಿ ಲಾರಿ ಆಫೀಸಿಗೆ ಇವು ಹೋಗ್ಬೇಕು, ಅಲ್ಲಿಂದ ತೂತುಕುಡಿಗೆ. ಎತ್ರಪ್ಪ, ಎತ್ರಿ!”

ಸಾಹುಕಾರ ಒಮ್ಮೆ ಮಷೀನುಗಳನ್ನು ನೋಡಿದ, ಒಮ್ಮೆ ಮೇಷ್ಟ್ರನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ನಾನು ಇತಿಹಾಸದವನೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಚಹಾದ ಲೋಟ ತೆಗೆದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟ. ಆಳುಗಳು ಸ್ಪ್ಯಾನರುಗಳನ್ನು ಜೇಬಿಗೆ ಹಾಕಿಕೊಂಡು ಮೂಟೆ ಹೊತ್ತರು. ಮಷೀನು ಒಯ್ಯಲು ತಂದ ಹಗ್ಗದಲ್ಲೇ ಮೂಟೆಗಳನ್ನು ಬಿಗಿದರು. ಗಂಗಮ್ಮ ಹೊರಗೆ ಬಂದು ಟೆಂಪೋ ಸುತ್ತ ಒಂದು ಸುತ್ತು ಹಾಕಿ, ಅದರ ಬಂಪರಿಗೆ ಚಾಲಕನೇ ಕಟ್ಟಿದ್ದ ನಿಂಬೆಹಣ್ಣನ್ನು ಕಂಡು, ಸಮಾಧಾನದಿಂದ ತಲೆಯಾಡಿಸಿ ಒಳಗೆ ಹೋದಳು.

ಮುಂದಿನ ಸೀಟಿನಲ್ಲಿ ಸಾಹುಕಾರ ಕೂತ. ಮೇಷ್ಟ್ರಿಗೆ ಅಲ್ಲಿ ಜಾಗವಿತ್ತು, ಬೇಡವೆಂದರು. ಕಾಲೇಜಿಗೆ ರಜೆ ಇದೆ, ಮಾಲಿನ ಜೊತೆಗೇ ಬರುತ್ತೇನೆಂದು ಹಿಂದೆ ಹತ್ತಿ ಮೂಟೆಗಳ ಮೇಲೆ ಕಾಲು ಮಡಚಿ ಕೂತರು. ಟೆಂಪೋ ಹೊರಟಿತು. ಅವರು ಅಲ್ಲಿಂದ ಒಂದು ಕೈ ಎತ್ತಿ ಏನೋ ಹೇಳುತ್ತಿದ್ದರು. ಏನೋ ಮುಖ್ಯವಾದದ್ದೇ ಇರಬೇಕು, ಯಾಕೆಂದರೆ ಬಳ್ಳಾರಿ ರಸ್ತೆಯ ತಿರುವು ಬರುವವರೆಗೂ ಬಾಯಿ ಆಡುತ್ತಲೇ ಇತ್ತು. ನಮಗೆ ಒಂದಕ್ಷರವೂ ಕೇಳಿಸಲಿಲ್ಲ. ಒಳಗೆ ಅಷ್ಟೂ ಮಷೀನುಗಳು ಒಟ್ಟಿಗೆ ಓಡುತ್ತಿದ್ದವು.

“ಸಾರು ಏನಂದ್ರು?” ಎಂದು ಗಂಗಮ್ಮ ಆ ಸದ್ದಿನ ಮೇಲೆ ಕೂಗಿದಳು.

“ಏನರ ಅನ್ಲಿ ಬಿಡು,” ಎಂದು ಲಕ್ಷ್ಮೀದೇವಮ್ಮ ತಲೆಯೆತ್ತದೆ ಕೂಗಿದಳು. “ಆ ನೀಲಿ ದಾರ ಇತ್ತಾಗ ಕೊಡು.”